ಮನೆ ಖಾಲಿ ಮಾಡ್ತಿದೀವಿ, ಕೀ ಮೊದ್ಲು ಕೊಡಿ ಅಡ್ವಾನ್ಸ್ ಆಮೇಲೆ ಅಂತಿದಾರೆ ಓನರ್, ಏನ್ ಮಾಡೋದು?

ತುಮಕೂರ್‌ಲೋಕಲ್:
ನಮಸ್ಕಾರ ಎಲ್ರಿಗೂ. ಆರ್‌ಆರ್ ನಗರದಲ್ಲಿ ಫಸ್ಟ್ ಫ್ಲೋರ್ 2 ಬಿಎಚ್‌ಕೆ, 2022ರಿಂದ ಇದೀವಿ. ಸೇರ್ಕೊಂಡಾಗ ಬಾಡಿಗೆ 17 ಸಾವಿರ, ಅಡ್ವಾನ್ಸ್ 1.5 ಲಕ್ಷ. ಅದ್ರಲ್ಲಿ 1 ಲಕ್ಷ ಬ್ಯಾಂಕಿಂದ ಹಾಕಿದ್ವಿ, 50 ಸಾವಿರ ಕ್ಯಾಶೇ ಬೇಕು ಅಂದ್ರು, ಕೊಟ್ವಿ (ಈಗ ತಲೆ ಚಚ್ಕೋತಿದೀನಿ). 11 ತಿಂಗಳ ಅಗ್ರಿಮೆಂಟ್ ಒಂದ್ಸಲ ಮಾಡಿದ್ದಷ್ಟೇ, ಆಮೇಲೆ ರಿನ್ಯೂ ಗಿನ್ಯೂ ಏನೂ ಇಲ್ಲ, ವರ್ಷ ವರ್ಷ 5 ಪರ್ಸೆಂಟ್ ಬಾಯ್ಮಾತಲ್ಲೇ ಏರಿಸ್ಕೊಂಡ್ ಬಂದ್ರು, ಈಗ 19,600 ಕಟ್ತಿದೀವಿ. ಮಗಳ ಸ್ಕೂಲ್‌ಗೋಸ್ಕರ ಕೆಂಗೇರಿ ಕಡೆ ಮನೆ ನೋಡಿ, ಇಲ್ಲಿ ಬಿಡ್ತೀವಿ ಅಂತ ವಾಟ್ಸಾಪ್‌ನಲ್ಲಿ ಒಂದ್ ತಿಂಗಳ ನೋಟಿಸ್ ಕೊಟ್ಟಾಯ್ತು. ಈಗ ಓನರ್ ರಾಗ ಶುರು: ಪೇಂಟಿಂಗ್‌ಗೆ ಒಂದ್ ತಿಂಗಳ ಬಾಡಿಗೆ, ಕ್ಲೀನಿಂಗ್ 6 ಸಾವಿರ, ಬಾತ್‌ರೂಮ್ ಟೈಲ್ಸ್ ಕಲೆ ಆಗಿದೆ ಅದಕ್ಕೆ 15 ಸಾವಿರ, ಉಳಿದಿದ್ದು ಹೊಸಬರು ಬಂದ್ಮೇಲೆ ಕೊಡ್ತೀನಿ, ಕೀ ಮಾತ್ರ 1ನೇ ತಾರೀಕು ಕೊಟ್ಬಿಡಿ. ಅಲ್ಲಿ ಹೊಸ ಮನೆಗೆ ಕೊಡೋಕೆ ನಾವು ಇದೇ ದುಡ್ಡು ನೆಚ್ಕೊಂಡಿದೀವಿ. ಕೊನೆ ತಿಂಗಳು ಬಾಡಿಗೆ ಕಟ್ಟೋದೇ ಬೇಡ ಅಂತಾಳೆ ನಮ್ಮನೆಯವ್ಳು. ಎರಡೇ ತಿಂಗಳು ಅಡ್ವಾನ್ಸ್ ತಗೋಬೇಕು ಅಂತ ಕಾನೂನು ಬಂದಿದೆ ಅಂತ ಪೇಪರಲ್ಲಿ ಓದಿದ್ ನೆನಪು, ಅದೇನಾದ್ರೂ ಉಪಯೋಗಕ್ಕೆ ಬರುತ್ತಾ?

ಹುಬ್ಬಳ್ಳಿ_ಮಂದಿ:
ಕೀಲಿ ಕೊಡಬ್ಯಾಡ್ರಿ ಮಾರಾಯ್ರ. ಒಮ್ಮೆ ಕೀಲಿ ಕೈಬಿಟ್ಟಿಂದ ಫೋನ್ ಎತ್ತಂಗಿಲ್ಲ. ನಾ ಹುಬ್ಬಳ್ಳ್ಯಾಗ ಇದ್ದ ಮನಿಗೆ ಮೂರ ತಿಂಗಳದ್ದ ಅಷ್ಟ ಇಸ್ಕೊಂಡಿದ್ರು, ಬೆಂಗಳೂರಿಗೆ ಬಂದು 10 ತಿಂಗಳದ್ದ ಅಂದಾಗ ಮನಿ ಮಾರ್ಲಿಕತ್ತಾರೋ ಬಾಡಿಗಿ ಕೊಡ್ಲಿಕತ್ತಾರೋ ತಿಳೀಲಿಲ್ಲ.

ಕೋರ್ಟ್‌ಪಕ್ಕದ್ಮನೆ:
ಮೊದ್ಲು ಆ ಎರಡ್ ತಿಂಗಳ ಕಥೆ. ಅದು 2021ರಲ್ಲಿ ಕೇಂದ್ರ ಮಾಡಿದ ಮಾದರಿ ಬಾಡಿಗೆ ಕಾಯ್ದೆ, ಹೆಸರಲ್ಲೇ ಇದೆ ನೋಡಿ ಮಾದರಿ ಅಂತ. ರಾಜ್ಯ ಅದನ್ನ ತನ್ನ ಕಾನೂನು ಮಾಡ್ಕೊಂಡ್ರೆ ಮಾತ್ರ ನಡಿಯುತ್ತೆ, ಓನರ್ ಮುಂದೆ ಅದನ್ನ ಹಿಡಿದ್ರೆ ನಕ್ಬಿಡ್ತಾರೆ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೇಲಿ ಬೆಂಗಳೂರಿಗೆ ಇಟ್ಟ ಮಿತಿ ತಿಂಗಳಿಗೆ 3,500 ರೂಪಾಯಿ, ಅದಕ್ಕಿಂತ ಜಾಸ್ತಿ ಬಾಡಿಗೆ ಮನೆ ಅದ್ರೊಳಗೆ ಬರಲ್ಲ. ಹಾಗಾಗಿ ನಿಮಗೆ ಉಳಿದಿರೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಮತ್ತೆ ನಿಮ್ಮ ಅಗ್ರಿಮೆಂಟು.

ಅಗ್ರಿಮೆಂಟ್ ಮುಗಿದಿದೆ ಅಂತ ಹೆದರ್ಬೇಡಿ. ಅವಧಿ ಮುಗಿದ್ಮೇಲೂ ಅವರು ಬಾಡಿಗೆ ಇಸ್ಕೊಂಡಿದಾರೆ ಅಂದ್ರೆ ತಿಂಗಳಿಂದ ತಿಂಗಳಿಗೆ ಬಾಡಿಗೆ ಮುಂದುವರಿದಂಗೆ ಲೆಕ್ಕ. ಆ ಹಳೇ ಅಗ್ರಿಮೆಂಟಲ್ಲಿ ಅಡ್ವಾನ್ಸ್ ಮೊತ್ತ ಪೂರ್ತಿ 1.5 ಲಕ್ಷ ಅಂತ ಬರ್ದಿದ್ಯಾ ಮೊದ್ಲು ನೋಡಿ, ಬರ್ದಿದ್ರೆ ಕ್ಯಾಶ್ ಚಿಂತೆ ಅರ್ಧ ಹೋಯ್ತು. ಪೇಂಟಿಂಗ್ ಕಂಡೀಷನ್ ಇದ್ದೇ ಇರುತ್ತೆ, ಅದು ಬಿಟ್ಟು ಟೈಲ್ಸ್‌ಗೆ 15 ಸಾವಿರ ಅಂದ್ರೆ ಬಿಲ್ ಕೇಳಿ. ವಾಸ ಮಾಡಿದ್ ಮನೇಲಿ ಸಹಜವಾಗಿ ಆಗೋ ಸವೆತಕ್ಕೆ ಬಾಡಿಗೆದಾರ ಹೊಣೆ ಅಲ್ಲ ಅಂತ ಅದೇ ಕಾಯ್ದೇಲಿದೆ. ಬೋರ್ ನೀರಿನ ಬಿಳಿ ಕಲೆ ಇಲ್ದಿರೋ ಬಾತ್‌ರೂಮ್ ಆರ್‌ಆರ್ ನಗರದಲ್ಲಿ ಎಲ್ಲಿದೆ ತೋರ್ಸಿ ನೋಡೋಣ.

ಕೊನೆ ತಿಂಗಳು ಬಾಡಿಗೆ ಕಟ್ಟದೇ ಇರೋದು ಎಲ್ರೂ ಮಾಡ್ತಾರೆ, ಆದ್ರೆ ಅಡ್ವಾನ್ಸನ್ನ ಬಾಡಿಗೆಗೆ ವಜಾ ಮಾಡೋ ಹಾಗಿಲ್ಲ ಅಂತ ಅಗ್ರಿಮೆಂಟಲ್ಲಿದ್ರೆ ತಪ್ಪು ನಿಮ್ ಮೇಲೆ ಬರುತ್ತೆ. ಮೆಸೇಜಲ್ಲಿ ಅವರೇ ಹೂಂ ಅಂದ್ರೆ ಮಾಡಿ.

ಬನಶಂಕರಿ_ಆಂಟಿ:
ಓನರ್ ಕಡೆಯಿಂದ ನಾನೂ ಒಂದ್ ಮಾತು ಹೇಳ್ತೀನಿ ಬೈಬೇಡಿ. ನಮ್ಮ ಕೆಳಗಿನ ಮನೆ ಬಾಡಿಗೆಗಿದೆ. ನೀವೆಲ್ಲ ಅಂದ್ಕೊಂಡಿರ್ತೀರ ಅಡ್ವಾನ್ಸ್ ನಮ್ ಬೀರೂಲಿ ಮಡ್ಗಿರ್ತೀವಿ ಅಂತ. ಎಲ್ಲಪ್ಪ ಇರುತ್ತೆ, ಅದು ಬಂದ ವಾರಕ್ಕೇ ಮೇಲಿನ ಮನೆ ಪ್ಲಾಸ್ಟರಿಂಗ್‌ಗೆ ಹೋಯ್ತು, ಹೊಸಬರು ಕೊಟ್ಟಿದ್ದನ್ನೇ ಹಳಬರಿಗೆ ಕೊಡೋದು, ಮುಕ್ಕಾಲು ಜನ ಹೀಗೇನೇ. ಸರಿ ಅಂತಲ್ಲ, ಆದ್ರೆ ಇದು ಗೊತ್ತಿದ್ರೆ ನಿಮಗೆ ಅನುಕೂಲ. ಒಂದ್ ತಿಂಗಳ ಬದ್ಲು ಎರಡ್ ತಿಂಗಳು ಮುಂಚೆ ಹೇಳಿದ್ದಿದ್ರೆ ಅವರೂ ಟು-ಲೆಟ್ ಬೋರ್ಡ್ ಹಾಕಿ ದುಡ್ಡು ಹೊಂದಿಸ್ತಿದ್ರು. ಈಗ ಭಾನುವಾರ ಮನೆ ನೋಡೋಕೆ ಬರೋರಿಗೆ ಬಾಗಿಲು ತೆಗೀರಿ, ಬಟ್ಟೆ ಗಿಟ್ಟೆ ಎತ್ತಿಟ್ಟು ಮನೆ ಚೆನ್ನಾಗ್ ಕಾಣೋ ಹಾಗಿಡಿ, ನಿಮ್ ದುಡ್ಡೇ ಬೇಗ ಬರುತ್ತೆ. ನಮ್ ಹಿಂದಿನವರು ನಾಲ್ಕ್ ತಿಂಗಳು ಬೆಸ್ಕಾಂ ಬಿಲ್ ಕಟ್ಟದೇ ಹೋಗಿದ್ರು, ಅದಕ್ಕೇ ನಾವೂ ಕೈಬಿಗಿ ಹಿಡಿಯೋದು.

ತುಮಕೂರ್‌ಲೋಕಲ್:
ಆಂಟಿ ನೀವ್ ಹೇಳಿದ್ದು ಸರಿ, ಅವರೂ ಮೇಲೆ ಇನ್ನೊಂದ್ ಫ್ಲೋರ್ ಕಟ್ಟಿಸ್ತಿದಾರೆ 😅 ಅಗ್ರಿಮೆಂಟ್ ಹುಡುಕ್ದೆ, 1,50,000 ಅಂತ ಅಕ್ಷರದಲ್ಲೂ ಇದೆ, ಪೇಂಟಿಂಗ್‌ಗೆ ಒಂದ್ ತಿಂಗಳ ಬಾಡಿಗೆ ಅಂತಲೂ ಇದೆ, ಕ್ಲೀನಿಂಗ್ ಸುದ್ದಿ ಎಲ್ಲೂ ಇಲ್ಲ. ಆದ್ರೆ ಕೀ ಇಟ್ಕೊಂಡ್ ಕೂತ್ರೆ ಅಷ್ಟು ದಿನದ ಬಾಡಿಗೆ ಕೇಳಲ್ವಾ?

ಕೋರ್ಟ್‌ಪಕ್ಕದ್ಮನೆ:
ಕೇಳ್ತಾರೆ. ಅದಕ್ಕೇ ಕೀ ಇಟ್ಕೊಂಡು ಸುಮ್ನೆ ಕೂರೋದಲ್ಲ, ಕೀ ದುಡ್ಡು ಎರಡೂ ಒಂದೇ ದಿನ ಕೈ ಬದಲಾಗ್ಬೇಕು. ಇಂತಾ ದಿನ ಇಷ್ಟೊತ್ತಿಗೆ ಕೀ ಕೊಡೋಕೆ ರೆಡಿ ಇದೀವಿ, ಬಂದು ಮನೆ ನೋಡಿ ಲೆಕ್ಕ ಮುಗಿಸಿ ಅಂತ ಈಗ್ಲೇ ಮೆಸೇಜ್ ಹಾಕಿ, ಅದು ದಾಖಲೆ. ಅವತ್ತು ಸಾಮಾನೆಲ್ಲ ತೆಗೆದು ಖಾಲಿ ಮನೇಲಿ ಜೊತೆಗೇ ಓಡಾಡಿ, ಮೀಟರ್ ರೀಡಿಂಗ್ ಫೋಟೋ ತಗೊಳ್ಳಿ.

ದುಡ್ಡು ಪೂರ್ತಿ ಇಲ್ಲ ಅಂದ್ರೆ ಇದ್ದಷ್ಟು ಟ್ರಾನ್ಸ್‌ಫರ್ ಮಾಡಿಸ್ಕೊಂಡು ಉಳಿದಿದ್ದಕ್ಕೆ ತಾರೀಕು ಹಾಕಿದ ಚೆಕ್ ತಗೊಳ್ಳಿ, ಅಡ್ವಾನ್ಸ್ ಬಾಕಿ ಇಷ್ಟು ಅಂತ ಒಂದ್ ಸಾಲು ಬರೆಸಿ ಸಹಿ ಹಾಕಿಸಿ. ಬಾಯ್ಮಾತಿಗೂ ಚೆಕ್‌ಗೂ ತುಂಬಾ ವ್ಯತ್ಯಾಸ ಇದೆ. ಬೌನ್ಸ್ ಆದ್ರೆ ಬ್ಯಾಂಕಿಂದ ಗೊತ್ತಾದ 30 ದಿನದೊಳಗೆ ನೋಟಿಸ್, ಅವರಿಗೆ 15 ದಿನ ಟೈಮ್, ಕಟ್ಟಿಲ್ಲ ಅಂದ್ರೆ ಸೆಕ್ಷನ್ 138ರ ಚೆಕ್ ಬೌನ್ಸ್ ಕೇಸು, ಅದು ಕ್ರಿಮಿನಲ್. ಚೆಕ್ ಇಲ್ದೇ ಸ್ಟೇಷನ್‌ಗೆ ಹೋದ್ರೆ ಇದು ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸ್ತಾರೆ. ಸಿವಿಲ್ ದಾವೆ ಹಾಕೋಕೆ ಮೂರು ವರ್ಷ ಟೈಮ್ ಇರುತ್ತೆ, ಆದ್ರೆ ಲಕ್ಷದ ಬಾಕಿಗೆ ಕೋರ್ಟ್ ಅಲೆಯೋ ಮುಂಚೆ ಕಾನೂನು ಸೇವಾ ಪ್ರಾಧಿಕಾರದವರ ಹತ್ರ ಹೋಗಿ, 15100ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ, ಇಬ್ರನ್ನೂ ಕರೆಸಿ ರಾಜಿ ಮಾಡ್ಸೋ ವ್ಯವಸ್ಥೆನೂ ಇದೆ.

ಶಿಫ್ಟಿಂಗ್_ಸಾಕಪ್ಪ:
ಎಂಟು ವರ್ಷಕ್ಕೆ ಐದ್ ಮನೆ ಬದಲಾಯಿಸಿದೀನಿ, ಹೊಸ ಮನೆಗೆ ಹೇಳ್ತೀನಿ ಕೇಳಿ. ಸಾಮಾನು ಇಳಿಸೋ ಮುಂಚೆನೇ ವಿಡಿಯೋ ತೆಗೀರಿ, ನಲ್ಲಿ, ಕಮೋಡು, ಗೀಸರ್, ಸ್ವಿಚ್ ಬೋರ್ಡ್, ಕಿಟಕಿ ಗಾಜು, ಗೋಡೆ ತೇವ ಎಲ್ಲ, ತೆಗೆದು ನಿಮ್ ಫೋನಲ್ಲೇ ಇಟ್ಕೋಬೇಡಿ, ಓನರ್‌ಗೆ ವಾಟ್ಸಾಪ್ ಮಾಡಿ. ಈ ಸಲ ನಿಮ್ ಟೈಲ್ಸ್ ಜಗಳಕ್ಕೆ ಅದೊಂದೇ ಇಲ್ಲ ನೋಡಿ. ಪೇಂಟಿಂಗ್‌ಗೆ "ಒಂದು ತಿಂಗಳ ಬಾಡಿಗೆ" ಅಂತ ಬಿಟ್ಟು ಇಂತಿಷ್ಟು ರೂಪಾಯಿ ಅಂತ ಬರೆಸಿ, ಇಲ್ಲಾಂದ್ರೆ ಬಾಡಿಗೆ ಏರಿದಂಗೆಲ್ಲ ಸುಣ್ಣದ ರೇಟೂ ಏರುತ್ತೆ, ನಿಮ್ದೇ 17 ಇದ್ದಿದ್ದು 19,600 ಆಯ್ತಲ್ಲ. ಅಡ್ವಾನ್ಸ್ ಕೀ ಕೊಟ್ಟ ದಿನವೇ ವಾಪಸ್ ಅನ್ನೋ ಸಾಲು ಇರ್ಲಿ, ಮತ್ತೆ ಕ್ಯಾಶ್ ಮಾತ್ರ ದಯವಿಟ್ಟು ಬೇಡ.

ಮಲ್ಲಿಗೆ_ಮೈಸೂರು:
ಇದ್ರಲ್ಲೇ ಕೇಳ್ಬಿಡ್ತೀನಿ, ತಮ್ಮನಿಗೆ ಭೋಗ್ಯಕ್ಕೆ ಮನೆ ಸಿಕ್ಕಿದೆ, 8 ಲಕ್ಷ, ಬಾಡಿಗೆ ಇಲ್ಲ, ಮೂರು ವರ್ಷ. ಅಗ್ರಿಮೆಂಟ್ ಏಜೆಂಟೇ ಮಾಡ್ಕೊಡ್ತಾರಂತೆ.

ಕೋರ್ಟ್‌ಪಕ್ಕದ್ಮನೆ:
ಏಜೆಂಟ್ ಹೆಸರಿಗೆ ಒಂದ್ ರೂಪಾಯಿನೂ ಹಾಕ್ಬೇಡಿ ಮೇಡಂ. ಓನರ್‌ನ ಎದುರಿಗೆ ಕೂರಿಸ್ಕೊಳ್ಳಿ, ಏಜೆಂಟು ಓನರ್ ಹತ್ರ ತಿಂಗಳ ಬಾಡಿಗೆಗೆ ತಗೊಂಡು ಇನ್ನೊಬ್ರಿಗೆ ಭೋಗ್ಯಕ್ಕೆ ಕೊಟ್ಟು ಪರಾರಿ ಆಗೋದು ಬೆಂಗಳೂರಲ್ಲಿ ಆಗ್ತಾನೇ ಇದೆ. ನೋಂದಣಿ ಇಲಾಖೆ ಕಾವೇರಿ ವೆಬ್‌ಸೈಟಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, ಮನೆ ಮೇಲೆ ಬ್ಯಾಂಕ್ ಸಾಲ ಇದ್ಯಾ ನೋಡಿ, ಸಾಲ ಕಟ್ಟದೇ ಬ್ಯಾಂಕ್ ಜಪ್ತಿಗೆ ಬಂದ್ರೆ ನಿಮ್ ತಮ್ಮ ಬೀದೀಲಿ. ಮೂರು ವರ್ಷ ಅಂದ್ರೆ ನೋಂದಣಿ ಕಡ್ಡಾಯ, ಬರೀ ಸ್ಟಾಂಪ್ ಪೇಪರ್ ಸಾಲಲ್ಲ.

ತುಮಕೂರ್‌ಲೋಕಲ್:
ಅಪ್‌ಡೇಟ್: ಭಾನುವಾರ ಓನರ್ ಬಂದಿದ್ರು. ಅಗ್ರಿಮೆಂಟ್ ತೋರ್ಸಿದ್ಮೇಲೆ ಕ್ಲೀನಿಂಗ್ ಬಿಟ್ರು, ಟೈಲ್ಸ್‌ಗೆ 15ರ ಬದ್ಲು 4 ಸಾವಿರ ಅಂದ್ರು, ಒಪ್ಕೊಂಡೆ, ಜಗಳ ಮಾಡೋ ಶಕ್ತಿ ಇಲ್ಲ. ಪೇಂಟಿಂಗ್ 17 ಸಾವಿರವೋ 19,600ವೋ ಅಂತ ಅರ್ಧ ಗಂಟೆ ಎಳೆದಾಡಿ 18ಕ್ಕೆ ನಿಲ್ಲಿಸಿದ್ವಿ. 1ನೇ ತಾರೀಕು 80 ಸಾವಿರ ಟ್ರಾನ್ಸ್‌ಫರ್, ಉಳಿದ 48 ಸಾವಿರಕ್ಕೆ 15ನೇ ತಾರೀಕಿನ ಚೆಕ್. ಚೆಕ್ ಬುಕ್ ಮುಗಿದಿದೆ ಅಂತಿದಾರೆ, ನೋಡ್ಬೇಕು.