ಕೈ ಬಿಗಿಯಿರುವಾಗ ಗ್ಲುಟನ್ ಇಲ್ಲದ ಪಾನೀಯ, ಸರಳ ಊಟ: ತಿಳಿದವರು ಹೇಳಿ

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ (ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತಿಂದರೆ ಕರುಳು ಹಾಳಾಗುವ ಕಾಯಿಲೆ) ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ‘ಗ್ಲುಟನ್ ಫ್ರೀ’ ಬ್ರೆಡ್ಡು, ಬಿಸ್ಕತ್ತು ಕೊಳ್ಳುವಷ್ಟು ಅನುಕೂಲವಿಲ್ಲ. ಬೆಳಿಗ್ಗೆ ಕುಡಿಯಲು ಏನು ಕೊಡಬಹುದು? ಎರಡು ಹೊತ್ತಿನ ಊಟಕ್ಕೆ ಏನು? ಪಾತ್ರೆಗಳೂ ಬೇರೆ ಬೇಕೇ? ಅಳತೆ ಸಮೇತ ಹೇಳಿದರೆ ಉಪಕಾರ.

ಉತ್ತರ 1
ಮೊದಲು ಆ ಬ್ರೆಡ್ಡು-ಬಿಸ್ಕತ್ತನ್ನು ಪಟ್ಟಿಯಿಂದ ತೆಗೆದುಬಿಡಿ. ದುಡ್ಡು ಸೋರುವುದೇ ಅಲ್ಲಿ. ಗೋಧಿ ತಿಂಡಿಯ ನಕಲು ಮಾಡಲು ಪಿಷ್ಟ, ಅಂಟು, ಸಕ್ಕರೆ ಎಲ್ಲ ಬೇಕಾಗುತ್ತದೆ. ಬೆಲೆ ಹೆಚ್ಚು, ಎಷ್ಟೋ ಸಲ ನಾರಿನಂಶವೂ ಕಡಿಮೆ. ಸಹಜವಾಗಿಯೇ ಗ್ಲುಟನ್ ಇಲ್ಲದ್ದು ಬೇಕಾದಷ್ಟಿದೆ: ಅಕ್ಕಿ, ಜೋಳ, ಮೆಕ್ಕೆಜೋಳ, ರಾಗಿ, ನವಣೆ, ಸಜ್ಜೆ, ಆಲೂಗಡ್ಡೆ, ಗೆಣಸು, ಎಲ್ಲ ಬೇಳೆಕಾಳು, ಕಡಲೆಕಾಯಿ, ಮೊಟ್ಟೆ, ಹಾಲು, ಮೀನು, ಮಾಂಸ. ಬಿಡಬೇಕಾದ್ದು ಗೋಧಿ, ಬಾರ್ಲಿ, ರೈ (ಗೋಧಿಯಂಥದ್ದೇ ಒಂದು ಧಾನ್ಯ, ಸಾಸಿವೆಯಲ್ಲ), ಇವುಗಳಿಂದಾದ ಮೈದಾ, ರವೆ, ಶಾವಿಗೆ, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ).

ಲೇಬಲ್ಲಿಗೆ ದುಡ್ಡು ಕೊಡುವುದಾದರೆ ಪುಡಿಗಳಿಗೆ ಮಾತ್ರ ಕೊಡಿ. ಇಡಿ ಕಾಳನ್ನು ತಟ್ಟೆಯಲ್ಲಿ ಹರಡಿ, ಸೇರಿಕೊಂಡ ಗೋಧಿ ಕಾಳು ಹೆಕ್ಕಿ, ಎರಡು ಮೂರು ನೀರಲ್ಲಿ ತೊಳೆಯಬಹುದು. ಹಿಟ್ಟಿನಲ್ಲಿ ಸೇರಿದ್ದನ್ನು ಯಾವ ಜರಡಿಯೂ ಬೇರೆ ಮಾಡದು. ಸಾಮಾನ್ಯವಾಗಿ ‘ಗ್ಲುಟನ್ ಫ್ರೀ’ ಎಂದು ಬರೆಯಲು ಗ್ಲುಟನ್ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಅಂದರೆ ಗೋಧಿ ಬೀಸಿದ ಗಿರಣಿಯಲ್ಲೇ ಹಿಂದೆಯೇ ರಾಗಿ ಬೀಸಿಸಿದರೆ ಆ ಮಿತಿ ದಾಟುವುದು ಬಹಳ ಸುಲಭ. ತೊಳೆದು ಚೆನ್ನಾಗಿ ಒಣಗಿಸಿದ ಕಾಳನ್ನು ಮನೆಯ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಪುಡಿ ಮಾಡುವುದೇ ಅಗ್ಗ, ಸುರಕ್ಷಿತ. ಸಜ್ಜೆ ಮಾತ್ರ ಹೆಚ್ಚು ಮಾಡಿಡಬೇಡಿ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಹಿಟ್ಟು ಬೇಗ ಕಹಿಯಾಗುತ್ತದೆ.

‘ಗೋಧಿ ಇಲ್ಲ’ ಎಂದು ಬರೆದಿದ್ದರೆ ಸಾಲದು. ಬಾರ್ಲಿ ಇರಬಹುದು.

ಉತ್ತರ 2
ಕುಡಿಯುವುದರ ಬಗ್ಗೆ. ಬರಿಯ ಚಹಾ, ಕಾಫಿ, ಹಾಲು, ಮಜ್ಜಿಗೆ, ಹಣ್ಣಿನ ರಸ ಇವಕ್ಕೆ ತೊಂದರೆಯಿಲ್ಲ. ಕಾಫಿಗೆ ಬೆರೆಸುವ ಚಿಕೋರಿಯಲ್ಲೂ ಗ್ಲುಟನ್ ಇಲ್ಲ, ಆದರೆ ಕಾಫಿಗೆ ಬದಲಿ ಎಂದು ಮಾರುವ ಪುಡಿಗಳಲ್ಲಿ ಹುರಿದ ಬಾರ್ಲಿ ಅಥವಾ ರೈ ಇರುವುದುಂಟು. ಬಾರ್ಲಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ. ಡಬ್ಬಿಯ ಮಾಲ್ಟ್ ಪೇಯಗಳು ಹೆಚ್ಚಾಗಿ ಬಾರ್ಲಿಯವೇ. ಬಿಯರೂ ಅದೇ ಸಾಲಿಗೆ.

ಹೊಟ್ಟೆ ತುಂಬುವ ಅಗ್ಗದ ಪೇಯ ಎಂದರೆ ರಾಗಿ ಗಂಜಿ. 3 ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಕದಡಿ. 2 ಲೋಟ ನೀರು ಕುದಿ ಬಂದಾಗ ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಸಣ್ಣ ಉರಿಯಲ್ಲಿ 8 ನಿಮಿಷ ಬೇಯಲಿ. ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಹೊರಪದರ ತಕ್ಷಣ ಬೆಂದು ಮುಚ್ಚಿಕೊಳ್ಳುತ್ತದೆ, ಒಳಗೆ ಒಣ ಹಿಟ್ಟು ಉಳಿದು ಗಂಟಾಗುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ, ಆದ್ದರಿಂದ ಒಲೆಯ ಮೇಲೆ ತುಸು ತೆಳ್ಳಗೇ ಇರಲಿ. ಉಪ್ಪು, ಒಂದು ಲೋಟ ಮಜ್ಜಿಗೆ ಆರಿದ ನಂತರ. ಬಿಸಿಯಲ್ಲಿ ಹಾಕಿದರೆ ಒಡೆಯುತ್ತದೆ.

ಹೊಸದಾಗಿ ಸೀಲಿಯಾಕ್ ಗೊತ್ತಾದವರಿಗೆ ಹಾಲು ಕುಡಿದರೂ ಹೊಟ್ಟೆ ಉಬ್ಬರಿಸಬಹುದು. ಕರುಳಿನ ಒಳಪದರ ಹಾಳಾಗಿ ಹಾಲಿನ ಸಕ್ಕರೆ ಜೀರ್ಣವಾಗದಿರುವುದು ಅದಕ್ಕೆ ಕಾರಣ. ಪಥ್ಯ ಸರಿಯಾಗಿ ನಡೆದರೆ ಹೆಚ್ಚಿನವರಿಗೆ ಕ್ರಮೇಣ ಸರಿಹೋಗುತ್ತದೆ. ಅಲ್ಲಿಯವರೆಗೆ ಮೊಸರು, ಮಜ್ಜಿಗೆ ಮೇಲು. ಅದೂ ಆಗದಿದ್ದರೆ ಕಡಲೆಕಾಯಿ ಹಾಲು: ಅರ್ಧ ಲೋಟ ಬೀಜ 6–8 ಗಂಟೆ ನೆನೆಸಿ, ನೀರು ಚೆಲ್ಲಿ, 3 ಲೋಟ ಹೊಸ ನೀರಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ 10 ನಿಮಿಷ ಕುದಿಸಿ. ಮುಗ್ಗಲು ಹಿಡಿದ, ಕಪ್ಪಾದ ಬೀಜ ಒಂದನ್ನೂ ಬಿಡದೆ ಆರಿಸಿ ಎಸೆಯಿರಿ. ಉಳಿದ ಚರಟ ಪಲ್ಯಕ್ಕೆ. ಅನ್ನ ರುಬ್ಬಿ ಮಾಡುವ ‘ಹಾಲು’ ಇನ್ನೂ ಅಗ್ಗ, ಆದರೆ ಅದರಲ್ಲಿ ಪ್ರೋಟೀನ್ ಇಲ್ಲದಷ್ಟು ಕಡಿಮೆ. ಮಕ್ಕಳಿಗೆ ಹಾಲಿನ ಬದಲು ಅದನ್ನು ಕೊಡಬೇಡಿ.

ಉತ್ತರ 3
ಓಟ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಓಟ್ಸಿನಲ್ಲಿ ಗೋಧಿಯ ಗ್ಲುಟನ್ ಇಲ್ಲ, ಆದರೆ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ-ಬಾರ್ಲಿ ಬೆರೆಯುತ್ತದೆ. ಲೇಬಲ್ ಇರುವುದನ್ನೇ ಕೊಳ್ಳಬೇಕು, ಸೀಲಿಯಾಕ್ ಇರುವ ಕೆಲವರಿಗೆ ಅದೂ ಒಗ್ಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ದೂರವಿಡಿ, ಖರ್ಚೂ ಉಳಿಯುತ್ತದೆ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಡಬ್ಬಿಯ ಇಂಗಿನಲ್ಲಿ ಮೈದಾ ಬೆರೆತಿರುವುದು ಮಾಮೂಲು, ಹಿಂಬದಿ ಓದಿ. ಸೂಪಿನ ಪುಡಿಯೂ ಅಷ್ಟೇ. ಸೂಪು ದಪ್ಪಗಾಗಬೇಕಾದರೆ ಬೆಂದ ಆಲೂಗಡ್ಡೆ ಕಿವುಚಿ ಹಾಕಿ, ಸಾಕು.

ಉತ್ತರ 4
ಊಟಕ್ಕೆ ಒಂದೇ ಪಾತ್ರೆಯ ಅಕ್ಕಿ-ಬೇಳೆ ಅಡುಗೆಗಿಂತ ಅಗ್ಗದ್ದು ಬೇರೆ ಕಾಣೆ. ಇಬ್ಬರಿಗೆ ಮುಕ್ಕಾಲು ಲೋಟ ಅಕ್ಕಿ, ಕಾಲು ಲೋಟ ಬೇಳೆ, 4 ಲೋಟ ನೀರು, ಒಂದು ಹಿಡಿ ಸೊಪ್ಪು. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಬೇಳೆಯಲ್ಲಿದೆ, ಹಾಗಾಗಿ ಎರಡೂ ಸೇರಿದರೆ ಪ್ರೋಟೀನ್ ಚೆನ್ನಾಗಿ ಸಿಗುತ್ತದೆ. ಮೇಲೆ ನಿಂಬೆ ಹಿಂಡಿದರೆ ಸೊಪ್ಪು-ಬೇಳೆಯ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಸೀಲಿಯಾಕ್ ಇರುವವರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯವಾದ್ದರಿಂದ ಇದನ್ನು ಅಭ್ಯಾಸ ಮಾಡಿಕೊಳ್ಳಿ.

ಅನ್ನ ಉಳಿದರೆ ಅಗಲ ತಟ್ಟೆಗೆ ಹರಡಿ, ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಕೆಲವು ಬ್ಯಾಕ್ಟೀರಿಯಾ ಬೀಜಕಗಳು ಬೇಯಿಸಿದರೂ ಸಾಯದೆ, ಹೊರಗಿಟ್ಟ ಅನ್ನದಲ್ಲಿ ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಮತ್ತೆ ಪ್ರಶ್ನೆ ಕೇಳಿದವರು: ಜೋಳದ ಹಿಟ್ಟಿನ ರೊಟ್ಟಿ ತಟ್ಟಿದರೆ ಅಂಚೆಲ್ಲ ಬಿರಿಯುತ್ತಿದೆ. ಏನು ತಪ್ಪು?

ಉತ್ತರ 5
ನೀರು ಕುದಿದಿರಲಿಲ್ಲ, ಅಷ್ಟೇ. ಗ್ಲುಟನ್ ಇಲ್ಲದ ಹಿಟ್ಟಿಗೆ ಹಿಡಿತ ಬರುವುದು ಬೆಂದ ಪಿಷ್ಟದಿಂದ. 1 ಲೋಟ ಹಿಟ್ಟಿಗೆ 1 ಲೋಟ ಬುಳುಬುಳು ಕುದಿಯುವ ನೀರು, ಕಾಲು ಚಮಚ ಉಪ್ಪು. ಸೌಟಿನ ಹಿಡಿಯಿಂದ ಕಲಸಿ, 10 ನಿಮಿಷ ಮುಚ್ಚಿಡಿ, ಕೈಗೆ ತಡೆಯುವಷ್ಟು ಬಿಸಿಯಿರುವಾಗಲೇ ಐದು ನಿಮಿಷ ನಾದಿ. ತಣ್ಣಗಾದ ಮುದ್ದೆಗೆ ಎಷ್ಟು ನಾದಿದರೂ ಬಿರುಕು ತಪ್ಪದು. ಹಿಟ್ಟು ಹಳೆಯದಾಗಿದ್ದರೆ 1 ಚಮಚ ಇಸಬಗೋಲ್ ಹೊಟ್ಟು ಸೇರಿಸಿ, ನೀರನ್ನು ಎರಡು ಮೂರು ಚಮಚ ಹೆಚ್ಚಿಸಿ. ತಟ್ಟುವಾಗ ಉದುರಿಸಲು ಗೋಧಿ ಹಿಟ್ಟು ಬಳಸುವ ರೂಢಿ ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಉತ್ತರ 6
ಪಾತ್ರೆ: ಸ್ಟೀಲು, ಗಾಜು ಸೋಪಿನಲ್ಲಿ ತೊಳೆದರೆ ಸಾಕು, ಹೊಸದು ಬೇಡ. ಬೇರೆ ಬೇಕಾದ್ದು ಜರಡಿ, ಮರದ ಲಟ್ಟಣಿಗೆ-ಮಣೆ, ಮರದ ಸೌಟು, ಟೋಸ್ಟರ್. ಇವುಗಳ ಸಂದಿಯ ಹಿಟ್ಟು ಪೂರ್ತಿ ಹೋಗುವುದಿಲ್ಲ. ಮೈದಾ ತಿಂಡಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ಒಂದೇ ಒಲೆಯಾದರೆ ಇವರ ಅಡುಗೆ ಮೊದಲು, ಗೋಧಿಯದ್ದು ಆಮೇಲೆ.

ಇನ್ನೊಂದು: ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಗೋಧಿ ಬಿಟ್ಟುಬಿಟ್ಟರೆ ಆ ಪರೀಕ್ಷೆ ಸುಳ್ಳು ‘ಇಲ್ಲ’ ತೋರಿಸಬಹುದು. ಪರೀಕ್ಷೆ ಮುಗಿಯುವವರೆಗೆ ಉಳಿದವರು ಎಂದಿನಂತೆ ತಿನ್ನಲಿ.