ಮೊಟ್ಟೆ ಬಾಕ್ಸ್ ಮೇಲೆ ಕೇಜ್ ಫ್ರೀ ಅಂತ ಇದ್ರೆ ಕೋಳಿ ನಿಜವಾಗ್ಲೂ ಚೆನ್ನಾಗಿತ್ತು ಅಂತ ನಂಬಬಹುದಾ?

ಪ್ರಶ್ನೆ:
ನಮಸ್ಕಾರ ಎಲ್ರಿಗೂ. ಮನೇಲಿ ಮಕ್ಕಳು ಮೊಟ್ಟೆ ತಿಂತಾರೆ, ಬಿಡ್ಸೋಕಾಗಲ್ಲ, ಆದ್ರೆ ಪಂಜರದಲ್ಲಿ ಕೋಳಿಗಳನ್ನ ಒತ್ತೊತ್ತಾಗಿ ತುಂಬಿರೋ ವಿಡಿಯೋ ಒಂದು ನೋಡಿದಾಗಿಂದ ಮನಸ್ಸಿಗೆ ಸಮಾಧಾನಾನೇ ಇಲ್ಲ. ಅವತ್ತಿಂದ ಜಾಸ್ತಿ ದುಡ್ಡಾದ್ರೂ ಕೇಜ್ ಫ್ರೀ, ಅಂದ್ರೆ ಪಂಜರದಲ್ಲಿ ಇಡದ ಕೋಳಿದು, ಅಂತ ಬರೆದಿರೋದನ್ನೇ ತಗೋತಿದೀನಿ. ಆದ್ರೆ ಬಾಕ್ಸ್ ಮೇಲೆ ಫ್ರೀ ರೇಂಜ್, ನ್ಯಾಚುರಲ್, ಫಾರ್ಮ್ ಫ್ರೆಶ್, ಹಾರ್ಮೋನ್ ಇಲ್ಲ ಅಂತ ಏನೇನೋ ಇರತ್ತೆ, ಹುಲ್ಲಲ್ಲಿ ಕೋಳಿ ಓಡಾಡೋ ಚಿತ್ರ ಬೇರೆ. ಇದ್ರಲ್ಲಿ ಯಾವ್ದಕ್ಕೆ ಕಾನೂನಿನ ಬೆಲೆ ಇದೆ, ಯಾವ್ದು ಬರೀ ಮಾತು? ತಿಳಿದವ್ರು ಹೇಳಿ.

ಉತ್ತರ 1:
ಫಾರ್ಮ್ ಫ್ರೆಶ್, ನ್ಯಾಚುರಲ್ ಎರಡನ್ನೂ ಮರೆತುಬಿಡಿ, ಕೋಳಿ ಹೇಗೆ ಬದುಕ್ತು ಅನ್ನೋದಕ್ಕೂ ಅವಕ್ಕೂ ಸಂಬಂಧಾನೇ ಇಲ್ಲ. ಅಮೆರಿಕದಲ್ಲಿ ಮಾಂಸದ ಮೇಲೆ ನ್ಯಾಚುರಲ್ ಅಂದ್ರೆ ಕೃತಕ ಪದಾರ್ಥ, ಬಣ್ಣ ಹಾಕಿಲ್ಲ, ಜಾಸ್ತಿ ಪ್ರೊಸೆಸ್ ಮಾಡಿಲ್ಲ ಅಂತ ಅಷ್ಟೇ. ಅಲ್ಲಿ ಕೋಳಿಗೆ ಹಾರ್ಮೋನ್ ಕೊಡೋದಕ್ಕೇ ಅನುಮತಿ ಇಲ್ಲ, ಹಾಗಾಗಿ ಹಾರ್ಮೋನ್ ಇಲ್ಲ ಅನ್ನೋ ಮಾತು ಪಕ್ಕದ ಕಂಪನಿ ಕೋಳಿಗೂ ಅಷ್ಟೇ ನಿಜ.

ಇನ್ನೊಂದು, ಕೋಳಿ ಮಾಂಸದ ಪ್ಯಾಕ್ ಮೇಲೆ ಕೇಜ್ ಫ್ರೀ ಅಂತ ಇದ್ರೆ ಅದಕ್ಕೆ ದುಡ್ಡು ಕೊಡಬೇಡಿ. ಬ್ರಾಯ್ಲರ್ ಗಳನ್ನ, ಅಂದ್ರೆ ಮಾಂಸದ ಕೋಳಿಗಳನ್ನ, ಸಾಮಾನ್ಯವಾಗಿ ಪಂಜರದಲ್ಲಿ ಸಾಕಲ್ಲ, ಶೆಡ್ ನೆಲದ ಮೇಲೇ ಸಾಕ್ತಾರೆ. ಅವುಗಳ ಸಂಕಟಾನೇ ಬೇರೆ, ಆರು ವಾರದೊಳಗೆ ಮೈ ಎಷ್ಟು ಬೆಳೆಯತ್ತೆ ಅಂದ್ರೆ ಎಷ್ಟೋ ಕೋಳಿಗಳ ಕಾಲು ಆ ಭಾರ ತಡ್ಕೊಳ್ಳಲ್ಲ. ಅದನ್ನ ಯಾವ ಕೇಜ್ ಫ್ರೀ ಲೇಬಲ್ಲೂ ಹೇಳಲ್ಲ.

ಉತ್ತರ 2:
ಯುರೋಪಿಯನ್ ಯೂನಿಯನ್ ನಲ್ಲಿ ಮೊಟ್ಟೆ ಚಿಪ್ಪಿನ ಮೇಲೇ ನಂಬರ್ ಒತ್ತಿರ್ತಾರೆ. ಮೊದಲ ಅಂಕಿ 0 ಇದ್ರೆ ಸಾವಯವ, 1 ಇದ್ರೆ ಫ್ರೀ ರೇಂಜ್ ಅಂದ್ರೆ ಹೊರಗೆ ಬಿಡೋ ಕೋಳಿ, 2 ಇದ್ರೆ ಪಂಜರ ಇಲ್ಲ ಆದ್ರೆ ಶೆಡ್ ಒಳಗೇ, 3 ಅಂದ್ರೆ ಪಂಜರ. ನೀವು ಹೇಳೋ ಕೇಜ್ ಫ್ರೀ ಬರೀ 2 ಇರಬಹುದು, ಅಂದ್ರೆ ಒಂದು ಚದರ ಮೀಟರ್ ಗೆ 9 ಕೋಳಿವರೆಗೆ, ಬಿಸಿಲು ಹುಲ್ಲು ಯಾವ್ದೂ ಕಾಣದೆ. 1ರಲ್ಲಿ ಹೊರಗೆ ಒಂದೊಂದು ಕೋಳಿಗೂ 4 ಚದರ ಮೀಟರ್ ಜಾಗ ಇರಬೇಕು. ಅಮೆರಿಕದಲ್ಲಿ ಕೋಳಿ ಮಾಂಸದ ಮೇಲಿನ ಫ್ರೀ ರೇಂಜ್ ಗೆ ಹೊರಗೆ ಹೋಗೋಕೆ ಅವಕಾಶ ಇದ್ರೆ ಸಾಕು, ಇಷ್ಟೇ ಜಾಗ ಅಂತ ಅಳತೆ ಇಲ್ಲ. ಪದ ಒಂದೇ, ಕೋಳಿ ಬದುಕು ಬೇರೆ ಬೇರೆ.

ಪ್ರಶ್ನೆ ಕೇಳಿದವರು:
ಹಾಗಾದ್ರೆ 1 ಅಥವಾ 0 ತಗೊಂಡ್ರೆ ನಿಶ್ಚಿಂತೆಯಾಗಿ ಇರಬಹುದಾ?

ಉತ್ತರ 3:
ಲೇಯರ್ ಅಂದ್ರೆ ಮೊಟ್ಟೆ ಕೋಳಿ ಶೆಡ್ ಗಳಲ್ಲಿ ಕೆಲಸ ಮಾಡಿದೀನಿ, ಅದಕ್ಕೇ ಹೇಳ್ತೀನಿ, ಪೂರ್ತಿ ನಿಶ್ಚಿಂತೆ ಆಗೋಕಾಗಲ್ಲ. ಹೊರಗೆ ಬಾಗಿಲು ತೆಗೆದಿಟ್ರೂ ಅಲ್ಲಿ ಗಿಡ ಮರ ನೆರಳು ಇಲ್ದಿದ್ರೆ ಕೋಳಿ ಹದ್ದಿನ ಭಯಕ್ಕೆ ಒಳಗೇ ಕೂತ್ಕೊಳ್ಳತ್ತೆ. ಒಂದು ಇನ್ನೊಂದರ ಗರಿ ಕಿತ್ತು ಗಾಯ ಮಾಡೋದು ಪಂಜರ ಇಲ್ದಿರೋ ಕಡೇನೂ ಇದೆ, ಅದನ್ನ ತಡಿಯೋಕೆ ಅಂತ ಮರಿ ಇದ್ದಾಗ್ಲೇ ಕೊಕ್ಕಿನ ತುದಿ ತೆಗೀತಾರೆ. ಕೈಯಲ್ಲಿ ಹಿಡಿದಾಗ ಎದೆಮೂಳೆ ಮುರಿದು ಕೂಡಿಕೊಂಡಿರೋದು ಬೆರಳಿಗೆ ಸಿಗತ್ತೆ, ಅದು ಎಲ್ಲಾ ಥರದ ಶೆಡ್ ಗಳಲ್ಲೂ ಇದೆ. ಮರಿ ಮಾಡಿಸೋ ಹ್ಯಾಚರಿಯಲ್ಲಿ, ಮೊಟ್ಟೆ ಇಡಲ್ಲ ಅಂತ ಹುಟ್ಟಿದ ದಿನಾನೇ ಕೊಲ್ಲೋ ಗಂಡು ಮರಿಗಳ ವಿಷಯ ಅಂತೂ ಆ ನಂಬರ್ ನಲ್ಲಿ ಇಲ್ವೇ ಇಲ್ಲ. ಜರ್ಮನಿ 2022ರಿಂದ ಅದನ್ನ ನಿಷೇಧ ಮಾಡಿದೆ, ಈಗ ಮೊಟ್ಟೆ ಒಳಗಿರುವಾಗ್ಲೇ ಗಂಡೋ ಹೆಣ್ಣೋ ನೋಡೋ ಮಷೀನ್ ಬಂದಿದೆ.

ಇಷ್ಟೆಲ್ಲಾ ಇದ್ರೂ 3ಕ್ಕಿಂತ 1 ಎಷ್ಟೋ ವಾಸಿ. ಮಣ್ಣಲ್ಲಿ ಹೊರಳಾಡೋ ಕೋಳಿ ಒಂದ್ಸಲ ನೋಡಿದವ್ರಿಗೆ ಅದನ್ನ ಹೇಳಿಕೊಡಬೇಕಾಗಿಲ್ಲ.

ಉತ್ತರ 2:
ಸರಿಯಾಗಿ ಹೇಳಿದ್ರಿ. ನಾನು ಇದಕ್ಕೊಂದು ಸೇರಿಸ್ತೀನಿ, ಲೇಬಲ್ ನೋಡಿ ಆರಿಸೋ ಭಾರಾನ ಕೊಳ್ಳೋವ್ರ ಮೇಲೇ ಹಾಕಿದ್ರೆ ಆಗಲ್ಲ. ಕೇಕು, ಬಿಸ್ಕೆಟ್ಟು, ಮಯೋನೀಸ್ ಒಳಗೆ ಹೋಗೋ ಮೊಟ್ಟೆಗೆ ಯಾವ ಅಂಕಿ ಇತ್ತು ಅಂತ ಯಾರು ನೋಡ್ತಾರೆ? ಹಳೇ ಪಂಜರದಲ್ಲಿ ಒಂದು ಕೋಳಿಗಿದ್ದ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್, ಒಂದು ಎ4 ಹಾಳೆಗಿಂತ ಕಮ್ಮಿ. ಯುರೋಪಿನಲ್ಲಿ ಅದು ಹೋಗಿದ್ದು 2012ರ ನಿಷೇಧದಿಂದ. ಈಗ ಅಲ್ಲಿ ಪಂಜರ ಅಂದ್ರೂ 750 ಇರಬೇಕು, ಮೊಟ್ಟೆ ಇಡೋಕೆ ಗೂಡು, ಕೂರೋಕೆ ಕೋಲು ಬೇಕು. ಅದೂ ಸಾಲದು ಅಂತಾನೇ ಪಂಜರಾನೇ ಬೇಡ ಅಂತ ಅಲ್ಲಿ ಸುಮಾರು 14 ಲಕ್ಷ ಜನ ಸಹಿ ಹಾಕಿದ್ದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನಾನು ತಗೊಳ್ಳೋ ಕಂಪನಿಗೆ ಇವತ್ತೇ ಮೇಲ್ ಹಾಕ್ತೀನಿ, ಒಂದು ಚದರ ಮೀಟರ್ ಗೆ ಎಷ್ಟು ಕೋಳಿ, ಹೊರಗೆ ಬಿಡ್ತೀರಾ, ಕೊಕ್ಕು ಕತ್ತರಿಸ್ತೀರಾ, ಬಂದು ಚೆಕ್ ಮಾಡೋವ್ರು ಯಾರು ಅಂತ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ.