ಮಾನವ ಹಕ್ಕುಗಳ ಉಲ್ಲಂಘನೆ: ಪರಿಹಾರಕ್ಕೆ ಅರ್ಹರಾದ ಸಂತ್ರಸ್ತರು ಯಾರು?

ಪ್ರಶ್ನೆ

ಸರ್ಕಾರಿ ಪಡೆಗಳ ಕೈಯಲ್ಲಿ ಒಬ್ಬ ವ್ಯಕ್ತಿ ಹತನಾದರೆ ಅಥವಾ ಕಣ್ಮರೆಯಾದರೆ ಪರಿಹಾರ ಕೇಳುವ ಹಕ್ಕು ಆತನ ಪತ್ನಿ ಮತ್ತು ಮಕ್ಕಳಿಗೆ ಮಾತ್ರವೇ ಇರುತ್ತದೆಯೇ, ಅಥವಾ ಆತನನ್ನು ಬಿಡಿಸಲು ಹೋಗಿ ಗಾಯಗೊಂಡವರಿಗೂ ಇರುತ್ತದೆಯೇ? ತಪ್ಪಿತಸ್ಥ ಯಾರೆಂಬುದು ತೀರ್ಮಾನವಾಗುವವರೆಗೆ ಅವರೆಲ್ಲ ಕಾಯಬೇಕೇ? ಹತನಾದವನ ಮೇಲೆಯೇ ಹಿಂಸಾಚಾರದ ಆರೋಪವಿದ್ದರೆ ಏನಾಗುತ್ತದೆ?

ಮೊದಲ ಉತ್ತರ

ವಿಶ್ವಸಂಸ್ಥೆಯ ಮಹಾಸಭೆ 2005ರ ಡಿಸೆಂಬರ್ 16ರಂದು 60/147ನೇ ನಿರ್ಣಯದ ಮೂಲಕ ಅಂಗೀಕರಿಸಿದ, ಸಂತ್ರಸ್ತರ ಪರಿಹಾರದ ಹಕ್ಕನ್ನು ಕುರಿತ ಮೂಲತತ್ತ್ವಗಳು ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುತ್ತವೆ. ಅವುಗಳ ಪ್ರಕಾರ, ಘೋರ ಉಲ್ಲಂಘನೆಯಿಂದ ದೈಹಿಕ ಅಥವಾ ಮಾನಸಿಕ ಹಾನಿ, ಆರ್ಥಿಕ ನಷ್ಟ ಇಲ್ಲವೇ ಮೂಲಭೂತ ಹಕ್ಕುಗಳಿಗೆ ಗಣನೀಯ ಧಕ್ಕೆ ಅನುಭವಿಸಿದವರು, ಒಬ್ಬೊಬ್ಬರಾಗಿಯೇ ಆಗಲಿ ಸಮೂಹವಾಗಿಯೇ ಆಗಲಿ, ಸಂತ್ರಸ್ತರು. ದೇಶದ ಕಾನೂನಿಗೆ ಅನುಗುಣವಾಗಿ, ನಿಕಟ ಕುಟುಂಬದವರು, ಅವಲಂಬಿತರು ಮತ್ತು ಅಪಾಯದಲ್ಲಿದ್ದವರ ನೆರವಿಗೆ ಧಾವಿಸಿ ಹಾನಿಗೊಳಗಾದವರೂ ಇದರಲ್ಲಿ ಸೇರುತ್ತಾರೆ. ಕೃತ್ಯ ಎಸಗಿದವನನ್ನು ಗುರುತಿಸಲಾಗಿದೆಯೇ, ಬಂಧಿಸಲಾಗಿದೆಯೇ, ಶಿಕ್ಷಿಸಲಾಗಿದೆಯೇ ಎಂಬುದನ್ನು ಅವಲಂಬಿಸದೆ ಸಂತ್ರಸ್ತರ ಸ್ಥಾನ ನಿಲ್ಲುತ್ತದೆ. ಶಿಕ್ಷೆಯಾಗುವವರೆಗೆ ಕಾಯಿರಿ ಎನ್ನುವುದು, ತನಿಖೆಯನ್ನು ತಡೆದವರಿಗೇ ಅದರ ಲಾಭ ಕೊಟ್ಟಂತೆ.

ಎರಡನೆಯ ಉತ್ತರ

ಕುಟುಂಬವೆಂದರೆ ಯಾರು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ 1987ರ ಕೊನೆಯ ದಿನ ಸೈನಿಕರು ಸರಮಾಕಾ ಸಮುದಾಯದ ಏಳು ಜನರನ್ನು ಹಿಡಿದೊಯ್ದರು; ಅವರೆಲ್ಲ ಹತರಾದರು. ಅವರ ವಿವಾಹಗಳು ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿರಲಿಲ್ಲ; ಆದರೂ 1993ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯವು ಆ ಸಮುದಾಯದ ಸ್ವಂತ ಪದ್ಧತಿಯನ್ನೇ ಆಧಾರವಾಗಿಟ್ಟುಕೊಂಡು, ಒಬ್ಬರಿಗಿಂತ ಹೆಚ್ಚು ಪತ್ನಿಯರಿದ್ದ ಕಡೆ ಅವರೆಲ್ಲರನ್ನೂ ಪರಿಗಣಿಸಿತು. ಇಡೀ ಸಮುದಾಯಕ್ಕೆ ನೈತಿಕ ಹಾನಿಯ ಪರಿಹಾರ ಕೊಡಲು ಅದು ಒಪ್ಪಲಿಲ್ಲ, ಆದರೆ ಊರಿನ ಶಾಲೆಯನ್ನು ಮತ್ತೆ ತೆರೆಯುವಂತೆ ಆದೇಶಿಸಿತು. ಕಣ್ಮರೆಯ ಪ್ರಕರಣಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಲಾಗಿದೆ: ಉರುಗ್ವೆಯ ಒಂದು ಪ್ರಕರಣದಲ್ಲಿ, ಮಗಳು ಏನಾದಳೆಂದು ತಿಳಿಯದೆ ಬೇಯುತ್ತಿದ್ದ ತಾಯಿಯೂ ಸ್ವತಃ ಸಂತ್ರಸ್ತೆಯೇ ಎಂದು 1983ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಹೇಳಿತು.

ಮೂರನೆಯ ಉತ್ತರ

ನಿಮ್ಮ ಕೊನೆಯ ಪ್ರಶ್ನೆಯಲ್ಲಿಯೇ ಅತಿ ಹೆಚ್ಚು ಅನ್ಯಾಯ ನಡೆಯುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೆರು ದೇಶದ 2005ರ ಪರಿಹಾರ ಕಾನೂನು, ಬಂಡುಕೋರ ಸಂಘಟನೆಗಳ ಸದಸ್ಯರನ್ನು ಸಂತ್ರಸ್ತರೆಂದು ಪರಿಗಣಿಸುವುದಿಲ್ಲ. ಆದರೆ 1992ರಲ್ಲಿ ಲಿಮಾದ ಕ್ಯಾಸ್ಟ್ರೋ ಕ್ಯಾಸ್ಟ್ರೋ ಸೆರೆಮನೆಯ ಮೇಲೆ ನಡೆದ ದಾಳಿಯ ಬಗ್ಗೆ 2006ರಲ್ಲಿ ತೀರ್ಪಿತ್ತ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯ, ಭಯೋತ್ಪಾದನೆಯ ಆರೋಪ ಹೊತ್ತಿದ್ದ ಕೈದಿಗಳಿಗೂ ಪರಿಹಾರ ನೀಡಬೇಕೆಂದಿತು. ಒಬ್ಬನು ಅಪರಾಧ ಮಾಡಿದ್ದರೆ ಅದಕ್ಕೆ ಬೇರೆ ವಿಚಾರಣೆಯಿದೆ. ಆತನಿಗೆ ಚಿತ್ರಹಿಂಸೆ ಕೊಟ್ಟದ್ದರ ಹೊಣೆ ಅದರಿಂದ ಅಳಿಸಿಹೋಗುವುದಿಲ್ಲ, ಆತನ ಮಕ್ಕಳ ಹಕ್ಕಂತೂ ಖಂಡಿತ ಅಳಿಯುವುದಿಲ್ಲ.

ವ್ಯಾಖ್ಯಾನ ಕಿರಿದಾದರೆ ಇನ್ನೂ ದೊಡ್ಡ ಸಮೂಹಗಳೂ ಹೊರಗುಳಿಯುತ್ತವೆ. ವರ್ಣಭೇದ ನೀತಿಯ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗ ಹತ್ಯೆ, ಅಪಹರಣ, ಚಿತ್ರಹಿಂಸೆ ಮತ್ತು ತೀವ್ರ ದೌರ್ಜನ್ಯಗಳನ್ನಷ್ಟೇ ಪರಿಗಣಿಸಿದ್ದರಿಂದ ಸುಮಾರು 22,000 ಜನರು ಸಂತ್ರಸ್ತರೆನಿಸಿಕೊಂಡರು. ಬಲವಂತವಾಗಿ ನೆಲೆಯಿಂದ ಎಬ್ಬಿಸಲ್ಪಟ್ಟ ಲಕ್ಷಾಂತರ ಜನರು, ಎಬ್ಬಿಸಲ್ಪಟ್ಟದ್ದರ ಆಧಾರದ ಮೇಲಷ್ಟೇ ಪಟ್ಟಿಯೊಳಗೆ ಸೇರಲಾಗಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರನ್ನೂ ಸೇರಿಸಿದರೆ ಇರುವ ಹಣ ಸಾಲದು ಎಂಬ ವಾದಕ್ಕೆ ಏನು ಹೇಳುತ್ತೀರಿ?

ಮೂರನೆಯ ಉತ್ತರ ಬರೆದವರು

ಹಣ ಸಾಲದಿದ್ದರೆ ವಿತರಣೆಯಲ್ಲಿ ಆದ್ಯತೆ ನಿಗದಿಪಡಿಸಬಹುದು: ವೃದ್ಧರು, ಅಂಗವಿಕಲರು, ಅನಾಥ ಮಕ್ಕಳು ಮೊದಲು. ಅದಕ್ಕಾಗಿ ಉಳಿದವರನ್ನು ಸಂತ್ರಸ್ತರೇ ಅಲ್ಲ ಎನ್ನಬೇಕಾಗಿಲ್ಲ. ಹಣವನ್ನು ಹೊರತುಪಡಿಸಿಯೂ ಪುನರ್ವಸತಿ, ಸತ್ಯದ ಬಹಿರಂಗ ಒಪ್ಪಿಗೆ ಮತ್ತು ಮರುಕಳಿಸದಂತೆ ಖಾತರಿ ಪರಿಹಾರದ ರೂಪಗಳೇ ಆಗಿವೆ. ಕೊಲಂಬಿಯಾದ 2011ರ ಸಂತ್ರಸ್ತರ ಪರಿಹಾರ ಕಾನೂನು 1985ಕ್ಕಿಂತ ಹಿಂದೆ ಹಾನಿಗೊಳಗಾದವರಿಗೆ ಹಣದ ಪರಿಹಾರ ಕೊಡದಿದ್ದರೂ ಸತ್ಯವನ್ನು ತಿಳಿಯುವ ಹಕ್ಕನ್ನು ಮತ್ತು ಸಾಂಕೇತಿಕ ಪರಿಹಾರವನ್ನು ಉಳಿಸಿದೆ. ಆ ಗಡಿ ದಿನಾಂಕವನ್ನು ನಾನು ಒಪ್ಪುವುದಿಲ್ಲ. ಆದರೂ ಅವರ ಹೆಸರನ್ನು ಅಳಿಸದೆ ಉಳಿಸಿಕೊಂಡದ್ದನ್ನು ಸರಿಯೆನ್ನುತ್ತೇನೆ.